ಊಟ ಆದ ಮೇಲೆ ಒಂದು ಚಮಚ

ನಾನು ಕಳಿಸಿದ್ದ ಔಷಧದ ಬಾಟಲಿಯ ಬೂಚು ಕೂಡ ತೆಗೆದಿರಲಿಲ್ಲ. ಹೋದ ವಾರ ದೇವದುರ್ಗದಲ್ಲಿ ಅಕ್ಕನ ಮನೆಯ ಗೋಡೆಗೂಡಿನಲ್ಲಿ ಅದು ಹಾಗೇ ಕೂತಿತ್ತು.

ಊರೂರಿಗೆ ಫ್ಲೂ ಹಬ್ಬಿದೆ, ನಿಮಗೂ ಗೊತ್ತು. (ನಮ್ಮ ಮಂದಿಗೆ ಅದು ಬರೀ 'ಜಡ್ಡು'.) ಅಕ್ಕನ ಪುಟ್ಟ ಮಗಳು ನೀಲವ್ವನಿಗೂ ನೆಗಡಿ, ಕೆಮ್ಮು, ಜ್ವರ ಎಂದು ಸುದ್ದಿ ಬಂದ ಕೂಡಲೇ ನಾನು ರಾಯಚೂರಿನ ಡಾಕ್ಟರ ಬಳಿ ಓಡಿದೆ. ಮೀನೆಣ್ಣೆ ಬರೆಸಿಕೊಂಡು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದೆ. ಯುದ್ಧ ಶುರುವಾದ ಮೇಲೆ ಅದು ಸಿಗುವುದೇ ಕಷ್ಟ.

"ಇದು ಜ್ವರ ಇಳಸಂಗಿಲ್ರೀ, ಇದರಾಗಿನ ವಿಟಮಿನ್ ತಾಕತ್ತಿಗೆ ಅಷ್ಟ," ಎಂದಿದ್ದರು ಡಾಕ್ಟರು. ನಾನು ಕೇಳಿಸಿಕೊಂಡೆನೇ? ವಿಟಮಿನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮಂಥ ಓದಿದವರಿಗೆ ಅರ್ಧ ಕಾಯಿಲೆ ವಾಸಿ!

ಅದೇ ಧೈರ್ಯದಲ್ಲಿ, ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ. (ಬಸ್ಸೂ ದಾರಿಯುದ್ದಕ್ಕೂ ಕೆಮ್ಮುತ್ತಿತ್ತು.) ಹೋಗಿ ನೋಡಿದರೆ ಹುಡುಗಿ ಕೌದಿಯೊಳಗೆ ಮುದುಡಿ ಮಲಗಿದ್ದಾಳೆ. ಕೈ ಹಿಡಿದರೆ ಬರೀ ಎಲುಬು.

"ಯಾಕ ಅಕ್ಕಾ, ಮೀನಿನ ನಾತಕ್ಕ ಒಲ್ಲೆ ಅಂದ್ಲೇನು?"

"ಹೊಳಿ ದಂಡಿ ಮಂದಿ ನಾವು, ಮೀನಿಗೆ ಅಂಜತೀವೇನೋ? ಬಾಟ್ಲಿ ಮ್ಯಾಲ 'ಊಟ ಆದ ಮ್ಯಾಲ' ಅಂತ ಬರದಾರಂತ. ಸಾಲಿ ಮಾಸ್ತರು ಓದಿ ಹೇಳ್ಯಾರ. ಊಟಾನ ಆಗಿಲ್ಲಲ್ಲ!"

"ಯಾಕ ಆಗಿಲ್ಲ?"

ಒಲೆಯ ಮುಂದೆ ಕೂತಿದ್ದ ಅಕ್ಕನ ಅತ್ತೆ ತಿರುಗಿದರು. "ಜ್ವರ ಬಂದಾಗ ಕೂಳು ಹಾಕ್ತಾರೇನ್ ತಮ್ಮಾ? ಅದು ಬಿಡೂತನಕ ಉಪವಾಸ ಕೆಡವೀವಿ. ಜ್ವರ ಬಿಟ್ಟ ಮ್ಯಾಲ ಊಟ, ಊಟ ಆದ ಮ್ಯಾಲ ನಿನ್ನ ಔಷಧ. ಬರದಂಗ ನಡಿಯಾಕತ್ತೀವಿ."

ಮೊಮ್ಮಗಳೆಂದರೆ ಜೀವ ಬಿಡುವ ಅಜ್ಜಿ ಆಕೆ. ಡಾಕ್ಟರ ಮಾತನ್ನೂ ಮೀರಿಲ್ಲ, ಮನೆಯ ಪದ್ಧತಿಯನ್ನೂ ಬಿಟ್ಟಿಲ್ಲ. ಮಗು ಮಾತ್ರ ದಿನಕ್ಕಿಷ್ಟು ಸೊರಗುತ್ತಿದೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ಕೌದಿಯೊಳಗಿಂದ ಸಣ್ಣ ದನಿ: "ಮಾಮಾ, ಅದು ಎಷ್ಟು ಹೊಲಸಿದ್ರೂ ಕುಡಿತೀನಿ. ಮೊದ್ಲ ಊಟ ಕೊಡ್ಸು."

ಅಜ್ಜಿ ಗೊಣಗುತ್ತಲೇ ಎದ್ದು ಗಂಜಿ ಕಾಸಿದರು. ಹುಡುಗಿ ಕುಡಿದಷ್ಟು ಕುಡಿದು, ಮೇಲೊಂದು ಚಮಚ ಎಣ್ಣೆಯನ್ನೂ ನುಂಗಿ ಮತ್ತೆ ಮಲಗಿದಳು.

ಕೆಮ್ಮು ನಿಂತಿರಲಿಲ್ಲ. ನಾನು ರಾಯಚೂರಿಗೆ ಮರಳಿದ್ದೇನೆ, ಜೀವ ಅಲ್ಲೇ ಇದೆ. ದಿನಾ ಸಂಜೆ ದೇವದುರ್ಗದ ಬಸ್ಸಿಗೆ ಕಾಯುತ್ತೇನೆ, ಬಸ್ಸು ಬಂದರೆ ಡ್ರೈವರ್ ಮುಖ ನೋಡಲು ಹೆದರುತ್ತೇನೆ. ಮಾನ್ವಿ ಕಡೆಯಿಂದಲೂ ಇದೇ ಜಡ್ಡಿನ ಸುದ್ದಿ. ಅಲ್ಲಿನ ಗೂಡುಗಳಲ್ಲಿ ಎಷ್ಟು ಬಾಟಲಿಗಳು ಮಕ್ಕಳ ಊಟಕ್ಕೆ ಕಾಯುತ್ತ ಕೂತಿವೆಯೋ, ಯಾರಿಗೆ ಗೊತ್ತು?

ಡಾಕ್ಟರೇ, 'ಊಟ ಆದ ಮೇಲೆ' ಎಂದು ಬರೆಯುವ ಮುನ್ನ 'ಊಟ ಹಾಕಿ' ಎಂದೂ ಬರೆದರೆ ನಿಮ್ಮ ಮಸಿ ತೀರಿಹೋಗುತ್ತದೆಯೇ?