ಒತ್ತಾಯದ ರಾಜಿ

ನನ್ನ ತಮ್ಮ ನನ್ನ ಗಂಡನ ಮೇಲೆ ಕತ್ತಿ ಬೀಸಿದ ದಿನ, ನಾನು ಯಾರ ಕಡೆ ಎಂದು ಇಡೀ ಊರು ಕೇಳಿತು. ಆಸ್ಪತ್ರೆಗೆ ಬಂದ ಪೊಲೀಸರೂ ಕೇಳಿದರು. ನಾನು ಇಬ್ಬರನ್ನೂ ಬಾಯಿಗೆ ಬಂದಂತೆ ಬೈದೆ.

ಹೊಸನಗರದ ಕಡೆಯ ನಮ್ಮೂರಿನಲ್ಲಿ ನನ್ನ ತವರಿನ ಗದ್ದೆಗೂ ಗಂಡನ ಮನೆಯ ಗದ್ದೆಗೂ ನಡುವೆ ಇರುವುದು ಒಂದೇ ಅಂಚು, ಅಂದರೆ ಮಣ್ಣಿನ ಬದು. ನಾಟಿಗೆ ಮೊದಲು ಅಂಚು ಕಡಿಯಬೇಕು. ಬದಿಯ ಹುಲ್ಲು ಕೆತ್ತಿ, ಕೆಸರು ಮೆತ್ತಬೇಕು. ಕಿತಾಪತಿ ಇರುವುದು ಅಲ್ಲೇ. ವರ್ಷ ವರ್ಷ ಒಂದು ಚೂರು ಜಾಸ್ತಿ ಕೆತ್ತಿದರೆ ಅಂಚು ಆಚೆಗೆ ಸರಿಯುತ್ತದೆ, ಪಕ್ಕದವನ ನೆಲ ಸದ್ದಿಲ್ಲದೆ ನಮ್ಮದಾಗುತ್ತದೆ. ನನ್ನ ಗಂಡ ಇದನ್ನು ಮಾಡುತ್ತಿದ್ದರು. ತಮ್ಮನೂ ಮಾಡುತ್ತಿದ್ದ. ಇಬ್ಬರೂ ತಾವು ಮಹಾ ಜಾಣರು ಅಂದುಕೊಂಡು ಆ ಕಡೆ ಈ ಕಡೆ ಕೆತ್ತಿ ಕೆತ್ತಿ ಕೊನೆಗೆ ಅಂಚು ಕಾಲಿಡಲಾಗದಷ್ಟು ಸಣಕಲಾಯಿತು. ಒಂದು ಬೆಳಿಗ್ಗೆ ಅದು ಕುಸಿದು ನೀರೆಲ್ಲ ಹರಿದುಹೋಯಿತು. ಮಾತಿಗೆ ಮಾತು ಬೆಳೆಯಿತು. ತಮ್ಮ ಸೊಂಟದ ಕತ್ತಿ ತೆಗೆದ. ಕುತ್ತಿಗೆಗೆ ಬೀಳಬೇಕಾದ ಏಟು ಬಲ ಭುಜಕ್ಕೆ ಬಿತ್ತು.

ಸಾಗರದ ಕೋರ್ಟಿನಲ್ಲಿ ಕೊಲೆ ಯತ್ನ ಎಂದೇ ತೀರ್ಪಾಯಿತು. ತಮ್ಮ ಕೆಲವು ತಿಂಗಳು ಜೈಲಿನಲ್ಲಿದ್ದು, ಹೈಕೋರ್ಟಿಗೆ ಅಪೀಲು ಹಾಕಿ ಜಾಮೀನಿನ ಮೇಲೆ ಹೊರಗೆ ಬಂದ. ಅಪೀಲು ಬಿದ್ದುಹೋದರೆ ವರ್ಷಗಟ್ಟಲೆ ಒಳಗೆ ಕೂರಬೇಕಿತ್ತು. ಅವನ ಮಗು ಆಗಷ್ಟೇ ಅಂಬೆಗಾಲಿಡುತ್ತಿತ್ತು.

ಅವನ ವಕೀಲರು ಒಮ್ಮೆ ನನ್ನನ್ನು ಕರೆಸಿ ಹೇಳಿದರು: "ಇಂಥ ಕೇಸನ್ನ ರಾಜಿ ಮಾಡ್ಕೊಂಡು ಮುಗಿಸೋಕೆ ಕಾನೂನು ಬಿಡಲ್ಲಮ್ಮ. ಆದ್ರೆ ಏಟು ತಿಂದವರೇ ಬಂದು, ನಾವು ಒಂದಾಗಿದ್ದೀವಿ ಅಂದ್ರೆ ಜಡ್ಜು ಶಿಕ್ಷೆ ಕಡಿಮೆ ಮಾಡಬಹುದು. ನಿಮ್ಮ ಯಜಮಾನ್ರನ್ನ ಕೇಳಿ ನೋಡಿ."

ನಾನು ಕೇಳಲಿಲ್ಲ. ಯಾವ ಬಾಯಲ್ಲಿ ಕೇಳಲಿ? ಬಲಗೈ ಭುಜದಿಂದ ಮೇಲೆ ಏಳದ ಆ ಮನುಷ್ಯನಿಗೆ ದಿನಾ ಅಂಗಿ ತೊಡಿಸುವವಳು ನಾನು. ತಮ್ಮನ ಮೇಲೆ ನನಗೆ ಪ್ರಾಣ, ನಿಜ. ಹಾಗಂತ ಆ ತೋಳನ್ನು ಅಂಗಿಯೊಳಗೆ ತೂರಿಸುತ್ತಾ ಅವನನ್ನು ಬಿಟ್ಟುಬಿಡಿ ಎನ್ನಲು ನಾಲಿಗೆ ಹೊರಳಲಿಲ್ಲ.

ವಕೀಲರ ಮಾತು ಯಾರ ಬಾಯಿಂದಲೋ ಅವರ ಕಿವಿಗೂ ಬಿದ್ದಿತ್ತೇನೋ, ಒಂದು ದಿನ ಕಾಫಿ ಕುಡಿಯುತ್ತಾ ಅವರೇ ಅಂದರು: "ಆ ವಕೀಲ್ರಿಗೆ ಫೋನ್ ಮಾಡು. ಬರ್ತೀನಿ ಅಂತ ಹೇಳು."

"ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಹೇಳು ಅಂದ್ರೆ ಹೇಳು."

ನನ್ನ ಗಂಡನ ಹತ್ತಿರ ಇದಕ್ಕಿಂತ ಉದ್ದದ ಮಾತು ಹೊರಡಿಸಿದವರು ಯಾರೂ ಇಲ್ಲ.

ಬೆಂಗಳೂರಿನ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು. ಕಿಟಕಿಗೆ ಗಂಡ, ಈ ಕಡೆ ತಮ್ಮ, ನಡುವೆ ಅಂಚಿನ ಹಾಗೆ ನಾನು. ತಮ್ಮನಿಗೆ ಚಿಕ್ಕಂದಿನಿಂದ ಬಸ್ಸು ಆಗಿಬರುವುದಿಲ್ಲ. ಶಿವಮೊಗ್ಗ ದಾಟುವಷ್ಟರಲ್ಲಿ ಮುಖ ಬಿಳುಚಿಕೊಂಡಿತು. ಇವರು ಎಡಗೈಯಿಂದ ಜೇಬು ತಡಕಾಡಿ ಒಂದು ನಿಂಬೆಹಣ್ಣು ತೆಗೆದು, ಅವನ ಮುಖ ನೋಡದೆ ನನ್ನ ಮಡಿಲಿಗೆ ಹಾಕಿದರು. ನಾನು ಅವನಿಗೆ ಕೊಟ್ಟೆ. ದಾರಿಯುದ್ದಕ್ಕೂ ಅದನ್ನು ಮೂಸುತ್ತಾ ಕುಳಿತ. ನನಗೆ ಇಬ್ಬರ ತಲೆಗೂ ಒಂದೊಂದು ಮೊಟಕಬೇಕು ಎನ್ನಿಸಿತು, ಅಷ್ಟು ಪ್ರೀತಿ ಉಕ್ಕಿ ಬಂದಿತ್ತು.

ಕೋರ್ಟಿನ ಹೊರಗೆ ವಕೀಲರು ಪಾಠ ಹೇಳಿಕೊಟ್ಟರು. "ಯಾರಾದ್ರೂ ಒತ್ತಾಯ ಮಾಡಿದ್ರಾ ಅಂತ ಜಡ್ಜು ಕೇಳ್ತಾರೆ. ಇಲ್ಲ ಅನ್ನಿ. ಅಷ್ಟೇ." ಇವರು ತಲೆಯಾಡಿಸಿದರು.

ಜಡ್ಜು ಕನ್ನಡದಲ್ಲೇ ಕೇಳಿದರು. "ಈ ರಾಜಿಗೆ ನಿಮ್ಮ ಮೇಲೆ ಯಾರದಾದರೂ ಒತ್ತಾಯ ಇದೆಯೇ?"

"ಇದೆ ಸ್ವಾಮಿ," ಎಂದರು ನನ್ನ ಗಂಡ.

ವಕೀಲರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ತಮ್ಮ ತಲೆ ತಗ್ಗಿಸಿದ.

"ಯಾರದು?"

"ನನ್ನ ಹೆಂಡ್ತೀದು. ಅಲ್ಲಿ ನಿಂತಿದಾಳಲ್ಲ, ಅವ್ಳು. ಇವನಿಗೆ ಅಕ್ಕ."

ಜಡ್ಜು ನನ್ನನ್ನು ನೋಡಿದರು. "ಏನೆಂದು ಒತ್ತಾಯ ಮಾಡಿದರು?"

"ಎಂತದೂ ಹೇಳ್ಲಿಲ್ಲ ಸ್ವಾಮಿ. ಬುಟ್ಟಿ ಬರೆಯೋದು ಬಿಟ್ಲು."

ಅದು ಭೂಮಿ ಹುಣ್ಣಿಮೆಯ ಬುಟ್ಟಿ. ಪೈರು ಬಸುರಾದಾಗ ಭೂಮಿತಾಯಿಗೆ ಬಯಕೆಯೂಟ ಹೊತ್ತುಕೊಂಡು ಹೋಗಲು, ಬಿದಿರಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತೇವೆ. ಅಮ್ಮ ಹೋದಮೇಲೆ ತವರಿನ ಬುಟ್ಟಿಯನ್ನೂ ನಾನೇ ಬರೆಯುತ್ತಿದ್ದೆ. ಏಟು ಬಿದ್ದ ವರ್ಷದಿಂದ ಎರಡನ್ನೂ ಬಿಟ್ಟೆ. ಬರಿಯ ಬುಟ್ಟಿಯಲ್ಲೇ ಊಟ ಹೋಗುತ್ತಿತ್ತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಯಾರ ಕಣ್ಣಿಗೂ ಬಿದ್ದಿಲ್ಲ ಎಂದೇ ತಿಳಿದಿದ್ದೆ.

"ಹಾಗಾದರೆ ನಿಮಗೆ ಈ ರಾಜಿ ಇಷ್ಟವಿಲ್ಲವೇ?" ಎಂದರು ಜಡ್ಜು.

"ಇಷ್ಟಾನೂ ಇದೆ ಸ್ವಾಮಿ. ಒತ್ತಾಯಾನೂ ಇದೆ. ಇವನು ಒಳಗೆ ಹೋದ್ರೆ ನನ್ನ ಕೈಯೇನು ಬರೋದಿಲ್ಲ. ಆ ಅಂಚು ನಾನೂ ಕೆತ್ತಿದೀನಿ."

ಕೆಲವು ದಿನಗಳ ಮೇಲೆ ತೀರ್ಪು ಬಂತು. ತಪ್ಪು ತಪ್ಪೇ, ಅದು ಅಳಿಸಿಹೋಗಲಿಲ್ಲ. ಆದರೆ ಅನುಭವಿಸಿದ ಜೈಲೇ ಶಿಕ್ಷೆಗೆ ಸಾಕು ಎಂದು ಆಯಿತು. ಫೋನಿನಲ್ಲಿ ವಕೀಲರು ನನ್ನ ಗಂಡನನ್ನು ಹೊಗಳಿದರೋ ಬೈದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ಸಲದ ಭೂಮಿ ಹುಣ್ಣಿಮೆಗೆ ಎರಡು ಬುಟ್ಟಿ ಬರೆದೆ. ಅಭ್ಯಾಸ ತಪ್ಪಿ ಗೆರೆಗಳು ಸೊಟ್ಟಗಾಗಿದ್ದವು. ಬುಟ್ಟಿ ಹೊರುವುದು ಮನೆಯ ಗಂಡಸು. ಇವರ ಕೈ ತಲೆಯವರೆಗೆ ಏಳುವುದಿಲ್ಲ. ಬೆಳಿಗ್ಗೆ ತಮ್ಮ ಬಂದು ಅಂಗಳದಲ್ಲಿ ನಿಂತ. ತನ್ನದನ್ನು ಗದ್ದೆಗೆ ಮುಟ್ಟಿಸಿ ಬಂದಿದ್ದ. ನಮ್ಮದನ್ನು ತಲೆಗೇರಿಸಿಕೊಂಡು ಮುಂದೆ ಹೊರಟ. ನಾವಿಬ್ಬರೂ ಹಿಂದೆ.

ನಮ್ಮ ಗದ್ದೆಗೆ ಇಳಿಯಲು ದಾಟಬೇಕಾದ ಆ ಅಂಚಿನ ಹತ್ತಿರ ಬಂದಾಗ ಅವನ ಕಾಲು ನಿಂತುಬಿಟ್ಟಿತು. ತಿರುಗಲೂ ಇಲ್ಲ, ದಾಟಲೂ ಇಲ್ಲ.

"ಭಾವ, ದಾಟ್ಲಾ?"

"ದಾಟೋ ಮಾರಾಯ," ಎಂದರು ಇವರು. "ಕಡುಬು ಆರ್ತದೆ."

ನನಗೆ ಅಳು ಒತ್ತರಿಸಿ ಬಂತು. ಹೊಗೆ ಎಂದು ಸುಳ್ಳು ಹೇಳೋಣವೆಂದರೆ ಗದ್ದೆಯಲ್ಲಿ ಒಲೆಯೂ ಇರಲಿಲ್ಲ.