ಪಿಳ್ಳಪ್ಪನವರ ಲೆಕ್ಕ, ನಮ್ಮ ಸಮಿತಿಯ ಆಯುಸ್ಸು

ಹುಟ್ಟಿದ್ದೆಲ್ಲ ಒಂದು ದಿನ ಸಾಯಲೇಬೇಕು, ಆ ದಿನ ಯಾವುದೆಂದು ಬಲ್ಲವರಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹಿರಿಯರು ಸರ್ಕಾರಿ ಸಮಿತಿಗಳಲ್ಲಿ ಕೆಲಸ ಮಾಡಿದವರಲ್ಲ. ಅಲ್ಲಿ ಆ ದಿನ ಮಾರ್ಚ್ ಮೂವತ್ತೊಂದು ಎಂಬುದು ಜವಾನನಿಗೂ ಗೊತ್ತಿರುತ್ತದೆ.

1958ರಲ್ಲಿ ನಾನು ಅಂಥದೊಂದು ಸಮಿತಿಯ ಕ್ಷೇತ್ರ ಸಹಾಯಕನಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆ. ನಮ್ಮ ಸೀಮೆಯ ವ್ಯಾಪಾರದ ಚರಿತ್ರೆ ಬರೆಯಲು ಬೇಕಾದ ಸಾಮಗ್ರಿಯನ್ನು ಕೂಡಿಸುವುದು ಸಮಿತಿಯ ಕೆಲಸ. ರಾಜರ ಚರಿತ್ರೆಗೆ ಶಾಸನಗಳಿವೆ. ಅಂಗಡಿಯವನ ಚರಿತ್ರೆಗೆ ಇರುವುದು ಅವನ ಕಿರ್ದಿ, ಅಂದರೆ ಆಯಾ ದಿನದ ವ್ಯವಹಾರವನ್ನು ಆ ದಿನವೇ ಬರೆದಿಡುವ ಪುಸ್ತಕ. ಶಾಸನವಾದರೆ ಕಲ್ಲು. ಕಿರ್ದಿಯನ್ನು ಗೆದ್ದಲು ತಿನ್ನುತ್ತದೆ, ಇಲಿ ತಿನ್ನುತ್ತದೆ, ಅವು ಬಿಟ್ಟದ್ದರಲ್ಲಿ ಕಡಲೆಕಾಯಿಯವನು ಪೊಟ್ಟಣ ಕಟ್ಟುತ್ತಾನೆ. ಇವರೆಲ್ಲರಿಗಿಂತ ಮೊದಲು ಹೋಗಿ ತಲುಪುವುದೇ ನನ್ನ ಹುದ್ದೆಯ ಸಾರ. ಅದಕ್ಕಾಗಿ ಸರ್ಕಾರ ಒಂದು ಟ್ರಂಕನ್ನೂ ಒಂದು ಹಿತ್ತಾಳೆ ಮೊಹರನ್ನೂ ದಯಪಾಲಿಸಿತ್ತು.

ಗೌರಿಬಿದನೂರಿನ ಬೆಲ್ಲದ ಮಂಡಿಯವರು ನನ್ನನ್ನು ಸೇಲ್ಸ್ ಟ್ಯಾಕ್ಸಿನವನೆಂದು ತಿಳಿದು, ಕಾಫಿ ಕೊಟ್ಟು ಸಾಗಹಾಕಿದರು. ಚಿಂತಾಮಣಿಯಲ್ಲಿ ಕಾಫಿಯನ್ನೂ ಕೊಡಲಿಲ್ಲ. ಶಿಡ್ಲಘಟ್ಟದಲ್ಲಿ ಪಿಳ್ಳಪ್ಪನವರು ಸಿಕ್ಕಿದರು.

ಅವರದು ಅಜ್ಜನ ಕಾಲದಿಂದಲೂ ರೇಷ್ಮೆಗೂಡಿನ ವ್ಯಾಪಾರ. ಅಟ್ಟದ ಮೇಲೆ, ಕೆಂಪು ಬಟ್ಟೆ ಸುತ್ತಿ ಕುಂಕುಮ ಇಟ್ಟ ಕಿರ್ದಿಗಳು ಸಾಲಾಗಿ ಕೂತಿದ್ದವು. ಅವರು ಯಜಮಾನರಾದಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ನನ್ನ ಕೆಲಸದಲ್ಲಿ ಅಂಥ ಸಾಲನ್ನು ಮತ್ತೆ ನಾನು ಕಾಣಲಿಲ್ಲ. ಆದರೆ ಆ ಮನೆಯಲ್ಲೊಂದು ಪದ್ಧತಿ ಇತ್ತು. ಯಜಮಾನ ಬದುಕಿರುವವರೆಗೆ ಲೆಕ್ಕವೂ ಬದುಕಿರುತ್ತದೆ, ಪುಸ್ತಕ ಹೊಸ್ತಿಲು ದಾಟಕೂಡದು. ಯಜಮಾನ ಹೋದ ಹನ್ನೊಂದನೆಯ ದಿನ ಎಲ್ಲವನ್ನೂ ಕಲ್ಲು ಕಟ್ಟಿ ಕೆರೆಗೆ ಬಿಡಬೇಕು.

ಪದ್ಧತಿಯ ಮೊದಲರ್ಧವನ್ನು ಮೀರಲು ಪಿಳ್ಳಪ್ಪನವರು ಒಪ್ಪಲಿಲ್ಲ. ಎರಡನೆಯ ಅರ್ಧವನ್ನು ಮಾತ್ರ ಹೇಗಾದರೂ ತಪ್ಪಿಸಬೇಕೆಂದಿದ್ದರು. ಕೊನೆಯ ಕಿರ್ದಿಗಳನ್ನು ಬರೆದವನು ಅವರ ಒಬ್ಬನೇ ಮಗ ನಾರಾಯಣಪ್ಪ. ಸಾದಲಿ ಕಡೆಯಿಂದ ಗೂಡು ತುಂಬಿಕೊಂಡು ಬರುವಾಗ ಹಳ್ಳ ಏರಿ ಗಾಡಿ ಕೊಚ್ಚಿಹೋಗಿತ್ತು. ಎತ್ತುಗಳು ಈಜಿ ದಡ ಸೇರಿದವು. ಮಗ ಸಿಕ್ಕಿದ್ದು ಆಚೆ ದಿನ, ಅದೇ ಕೆರೆಯಲ್ಲಿ.

“ಅವನ್ದು ಒಂದು ಫೋಟೋನೂ ಇಲ್ಲ ಸ್ವಾಮಿ. ಇರೋದು ಈ ಅಕ್ಷರ ಒಂದೇ. ಅದನ್ನೂ ಆ ಕೆರೆಗೇ ಹಾಕಿದ್ರೆ ಎರಡನೇ ಸಲ ಮುಳುಗಿಸಿದಂಗೆ ಆಯ್ತದೆ.”

ಇಲ್ಲಿಯೇ ಕೂತು ನಕಲು ಮಾಡಿಕೊಳ್ಳುತ್ತೇನೆ ಎಂದೆ.

“ನಕಲಲ್ಲಿ ನಿಮ್ಮ ಕೈ ಇರ್ತೈತೆ. ಅವನ ಕೈ ಎಲ್ಲಿರ್ತೈತೆ?”

ಕೊನೆಗೆ ಏರ್ಪಾಡು ಹೀಗಾಯಿತು: ಅವರು ತೀರಿಕೊಂಡ ಕೂಡಲೇ ನಾನು ಮೊಹರು ಹಿಡಿದು ಬರಬೇಕು, ಸರ್ಕಾರದ ಹೆಸರಿನಲ್ಲಿ ಪುಸ್ತಕಗಳನ್ನು ಎತ್ತಿಕೊಂಡು ಹೋಗಬೇಕು. “ನಮ್ಮ ದಾಯಾದಿಗಳು ದೇವರ ಮಾತೂ ಕೇಳಲ್ಲ. ಮೊಹರು ಕಂಡ್ರೆ ಮಾತ್ರ ಎದ್ದು ನಿಂತ್ಕೋತಾರೆ,” ಎಂದರು.

ಹೀಗೆ ಮೈಸೂರು ಸರ್ಕಾರದ ಒಂದು ಸಮಿತಿ ಅಧಿಕೃತವಾಗಿ ಒಬ್ಬ ಮುದುಕನ ಸಾವಿಗೆ ಕಾಯತೊಡಗಿತು. “ಸದರಿ ದಾಖಲೆಗಳು ಯಾವಾಗ ಲಭ್ಯವಾಗಬಹುದು?” ಎಂದು ಬೆಂಗಳೂರಿನಿಂದ ಜ್ಞಾಪನಗಳು ಬಂದವು. “ಮಾಲೀಕರ ಆರೋಗ್ಯ ಉತ್ತಮವಾಗಿರುವ ಕಾರಣ ವಿಳಂಬವಾಗುತ್ತಿದೆ,” ಎಂದು ನಾನು ವಿನಯಪೂರ್ವಕ ಉತ್ತರಿಸಿದೆ. ಆಗಾಗ ಸಣ್ಣ ರೈಲು ಹತ್ತಿ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದೆ. ಪಿಳ್ಳಪ್ಪನವರು ಜಗಲಿಯಿಂದಲೇ ಕೂಗುತ್ತಿದ್ದರು:

“ಇನ್ನ ಇದ್ದೀನಿ ಸ್ವಾಮಿ, ಬೇಜಾರು ಮಾಡ್ಕೋಬೇಡಿ. ಲಕ್ಷ್ಮೀದೇವಿ, ಸಾವಿನ ಸಾಹೇಬರು ಬಂದವ್ರೆ, ಮಜ್ಜಿಗೆ ತಾರಮ್ಮ!”

ಲಕ್ಷ್ಮೀದೇವಮ್ಮ ಅವರ ಸೊಸೆ, ನಾರಾಯಣಪ್ಪನ ಹೆಂಡತಿ. ಮಜ್ಜಿಗೆ ಕೊಟ್ಟು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಮಾವನ ಆ ತಮಾಷೆಗೆ ಅವಳು ನಕ್ಕದ್ದನ್ನು ನಾನು ನೋಡಲಿಲ್ಲ.

1961ರ ಮಾರ್ಚ್ ಮೂವತ್ತೊಂದಕ್ಕೆ, ಅನುದಾನ ನಿಂತು ಸಮಿತಿಯೇ ತೀರಿಕೊಂಡಿತು. ಟ್ರಂಕನ್ನೂ ಮೊಹರನ್ನೂ ಒಪ್ಪಿಸಿ ರಸೀದಿ ಪಡೆದೆ. ಪಿಳ್ಳಪ್ಪನವರು ಗಟ್ಟಿಮುಟ್ಟಾಗಿದ್ದರು.

ಆ ಪುಸ್ತಕಗಳಿಗೆ ಬೇರೆ ನೆಲೆ ಹುಡುಕಿದೆ. ಒಂದು ವಸ್ತುಸಂಗ್ರಹಾಲಯದವರು ತಾಮ್ರಶಾಸನ, ಓಲೆಗರಿಗಳಿಗೆ ಮಾತ್ರ ತಮ್ಮಲ್ಲಿ ಜಾಗವಿದೆ ಎಂದರು. ಒಂದು ಕಾಲೇಜಿನ ಇತಿಹಾಸ ವಿಭಾಗದವರು ಇದು ಅರ್ಥಶಾಸ್ತ್ರ ಎಂದರು. ಅರ್ಥಶಾಸ್ತ್ರದವರು ಇದು ಇತಿಹಾಸ ಎಂದರು. ವರ್ತಕರ ಸಂಘವೊಂದು ಇಂದಿನ ವ್ಯಾಪಾರ ನೋಡುವುದಕ್ಕೇ ಪುರುಸೊತ್ತಿಲ್ಲವೆಂದಿತು. ಎಲ್ಲರೂ ನನ್ನ ಆಸಕ್ತಿಯನ್ನು ಶ್ಲಾಘಿಸಿದರು.

ಮುಂದಿನ ವರ್ಷ ನಾನು ಚಿಂತಾಮಣಿಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದಾಗ, ಬಸ್ಸಿನ ಕಂಡಕ್ಟರ್ ಕೈಲಿ ಲಕ್ಷ್ಮೀದೇವಮ್ಮ ಹೇಳಿ ಕಳಿಸಿದಳು: ಮಾವ ಹೋದರು, ನೀವು ಬರಬೇಕಂತೆ. ಸುದ್ದಿ ಮುಟ್ಟಿದ್ದು ತಡವಾಗಿ. ನಾನು ಹೋಗುವಷ್ಟರಲ್ಲಿ ಹನ್ನೊಂದನೆಯ ದಿನ ಬಂದಿತ್ತು. ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಜೋಡಿಸಿದ್ದರು. ದಾಯಾದಿಗಳಲ್ಲಿ ಹಿರಿಯ, ಪಿಳ್ಳಪ್ಪನವರಿಗೆ ತಮ್ಮನಾಗಬೇಕಾದ ಮುನಿಶಾಮಪ್ಪ, ಒಂದೊಂದು ಗಂಟಿಗೂ ಕಲ್ಲು ಕಟ್ಟಿಸುತ್ತಿದ್ದ. ಮೊಹರಿನ ಬಗ್ಗೆ ಅಣ್ಣ ಆಡಿದ ಮಾತು ಅವನಿಗೂ ಗೊತ್ತಿತ್ತು.

“ಮೊಹರು ಎಲ್ಲೈತೆ ಸ್ವಾಮಿ?”

“ಸಮಿತಿ ಮುಚ್ಚಿಹೋಯಿತು, ಮುನಿಶಾಮಪ್ಪನೋರೆ.”

“ಸರಿಹೋಯ್ತು. ಅದರ ತಿಥಿ ಮಾಡಿದ್ರಾ, ಇಲ್ಲಾ ಹಂಗೇ ಬಿಟ್ರಾ?”

ಯಾರೋ ನಕ್ಕರು. ಲಕ್ಷ್ಮೀದೇವಮ್ಮ ಮುಂದೆ ಬಂದು ಒಂದು ಗಂಟಿನ ಮೇಲೆ ಕೈ ಇಟ್ಟಳು. “ಇದೊಂದು ಬಿಡಿ, ಚಿಕ್ಕಮಾವ. ನಮ್ಮನೆಯೋರು ಬರೆದಿದ್ದು. ಇದೊಂದೇ.”

ಮುನಿಶಾಮಪ್ಪ ಕೆಟ್ಟವನಲ್ಲ. ಮೆಲ್ಲಗೆ ಅವಳ ಕೈ ಎತ್ತಿದ. “ಒಂದು ಉಳಿದ್ರೆ ಲೆಕ್ಕ ಮುಗೀಲಿಲ್ಲ ಅಂತ ಕಣಮ್ಮ. ಹೋದೋನು ಇಲ್ಲೇ ಸುತ್ತುತಾ ಇರ್ಬೇಕಾಯ್ತದೆ. ನಮ್ಮಣ್ಣನಿಗೆ ದಾರಿ ಬೇಡವಾ?”

ಅವಳು ನನ್ನತ್ತ ನೋಡಿದಳು. ನನ್ನ ಬಳಿ ಬಸ್ಸಿನ ಟಿಕೆಟ್ ಮಾತ್ರ ಇತ್ತು.

ಕೆರೆಯ ಏರಿಯ ಮೇಲೆ ನಾನೂ ನಿಂತಿದ್ದೆ. ಒಳ್ಳೆಯ ಕಾಗದ ಬೇಗ ಮುಳುಗುವುದಿಲ್ಲ. ಕಲ್ಲು ಎಳೆದರೂ ಕೆಂಪು ಬಟ್ಟೆ ಗಾಳಿ ತುಂಬಿಕೊಂಡು ಸ್ವಲ್ಪ ಹೊತ್ತು ಮೇಲೆಯೇ ನಿಂತಿತ್ತು.

ಆ ನೌಕರಿ ನನಗೆ ಕಲಿಸಿದ್ದು ಇಷ್ಟೇ: ಕಾಗದ ಉಳಿಯಬೇಕಾದರೆ, ಅದನ್ನು ಕಾಯುವ ಸಂಸ್ಥೆ ಅದರ ಒಡೆಯನಿಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು.

ಸಮಿತಿಯ ಅಂತಿಮ ವರದಿ ಅಚ್ಚಾಗಿ ಬಂದದ್ದು ಅದಾದ ಮೇಲೆ. ಅದರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಎದುರು ‘ಸಾಮಗ್ರಿ ಇಲ್ಲ’ ಎಂದಿದೆ.