ಮೈಕ್ ಮಿಸ್ ಕುರ್ಚಿ

ನಮ್ಮ ಶಾಲೆಯಲ್ಲಿ ನಿಜವಾದ ಮೈಕ್ ಒಂದಿದೆ. ಹೆಡ್ ಮಿಸ್ ಬೀರುವಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತದೆ. ಮೂರನೇ ಕ್ಲಾಸಿನ ಟೀಚರ್ ಇರುವಾಗ ಅದನ್ನು ಹೊರಗೆ ತೆಗೆಯುವ ಪ್ರಮೇಯವೇ ಬರಲಿಲ್ಲ. ಅವಳು "ಪುಸ್ತಕ ತೆಗೀರಿ" ಎಂದರೆ ಎದುರಿನ ಸೈಕಲ್ ಅಂಗಡಿಯವನೂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುತ್ತಿದ್ದ. ಮಕ್ಕಳು ಅವಳಿಗೆ ಇಟ್ಟ ಹೆಸರು ಮೈಕ್ ಮಿಸ್. ನಾವು ಟೀಚರುಗಳು ಮೊದಲು ಹಿಂದಿನಿಂದ ಹಾಗೆ ಕರೆಯುತ್ತಿದ್ದೆವು, ಆಮೇಲೆ ಎದುರಿಗೇ ಕರೆಯತೊಡಗಿದೆವು.

ನಾನು ಪಕ್ಕದ ಐದನೇ ಕ್ಲಾಸಿನವಳು. ಇಬ್ಬರ ನಡುವೆ ಇರುವುದು ಒಂದು ಹಲಗೆ ಗೋಡೆ, ಅದರಲ್ಲೊಂದು ಬಾಗಿಲು. ನಾನು ಭಿನ್ನರಾಶಿ ಹೇಳಿಕೊಡುವಾಗ ನನ್ನ ಮಕ್ಕಳು ಅವಳ ಪದ್ಯ ಬಾಯಿಪಾಠ ಮಾಡುತ್ತಿದ್ದರು. ಎಷ್ಟೋ ಸಲ ಹಲಗೆ ಕುಟ್ಟಿದ್ದೇನೆ. ಅವಳಿಗೆ ಕೇಳಿಸಿದರೆ ತಾನೆ.

ಅಷ್ಟು ಕೂಗಾಡಿದರೂ ಆ ಮಕ್ಕಳು ತಾವಾಗಿ ಒಂದು ಸಾಲು ಓದುತ್ತಿರಲಿಲ್ಲ. "ಮಿಸ್, ಮೊನೆ ಮುರೀತು", "ಮಿಸ್, ಇಲ್ಲಿಂದ ಬರೀಲಾ", "ಮಿಸ್, ಮುಗೀತು, ಈಗ ಏನ್ ಮಾಡ್ಲಿ" ಎಂದು ಅವಳ ಸೆರಗು ಹಿಡಿದೇ ದಿನ ಕಳೆಯುತ್ತಿದ್ದರು. ಅವಳಿಗೂ ಅದು ಬೇಕಿತ್ತು ಎಂದು ನನ್ನ ಅನುಮಾನ. ಎಲ್ಲರೂ ಕರೆಯುತ್ತಿದ್ದರೆ ಯಾರಿಗೆ ಬೇಡ?

ಒಂದು ದಿನ ಹಲಗೆಯ ಆಚೆ ಸದ್ದಿಲ್ಲ. ಹೋಗಿ ನೋಡಿದರೆ ಬಾಯಿ ತೆರೆದುಕೊಂಡು ನಿಂತಿದ್ದಾಳೆ, ಗಾಳಿ ಬಿಟ್ಟು ಬೇರೇನೂ ಹೊರಡುತ್ತಿಲ್ಲ. ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದಿದೆ, ಬೇಸಿಗೆ ಹೊತ್ತಿಗೆ ಆಪರೇಷನ್ ಮಾಡಲೇಬೇಕು ಎಂದರು ಡಾಕ್ಟರು. ಆಪರೇಷನ್ ಆದಮೇಲೆ ವಾರಗಟ್ಟಲೆ ಮೌನವಾಗಿರಬೇಕು, ಪಿಸುಮಾತೂ ಕೂಡದು. ಅದಾದ ಮೇಲೂ ಜೀವನಪೂರ್ತಿ ಅಳೆದು ಸುರಿದು ಮಾತಾಡಬೇಕು.

ಹೆಡ್ ಮಿಸ್ ಕೆಟ್ಟವರಲ್ಲ, ಆದರೆ ಲೆಕ್ಕಾಚಾರದವರು. "ಮಾತಾಡದೆ ಇರೋ ಟೀಚರಿಗೆ ಕ್ಲಾಸ್ ಹೇಗಮ್ಮ ಕೊಡೋದು? ಮಕ್ಕಳನ್ನ ಬೇರೆ ಸೆಕ್ಷನ್ನುಗಳಿಗೆ ಹಂಚಿಬಿಡ್ತೀನಿ. ನೀನು ವಾಪಸ್ ಬಂದಮೇಲೆ ಸ್ಟೋರ್ ನೋಡ್ಕೋ," ಎಂದರು. ಚಾಕ್‌ಪೀಸಿನ ಡಬ್ಬ ಎಣಿಸುವ ಕೆಲಸ. ಮೈಕ್ ಮಿಸ್ ಮುಖ ಸಪ್ಪಗಾಯಿತು. ಅವಳಿಗೆ ಮಕ್ಕಳಿರಲಿಲ್ಲ, ಆ ಕ್ಲಾಸು ಬಿಟ್ಟರೆ ಮನೆಯಲ್ಲಿ ಗಂಡ, ಅತ್ತೆ, ಅತ್ತೆಯ ಜೊತೆ ದಿನಾ ಒಂದು ಜಗಳ, ಅಷ್ಟೆ.

"ಆಪರೇಷನ್ ತನಕ ಟೈಮ್ ಕೊಡಿ ಮೇಡಂ, ಕಲಿಸಿಡ್ತೀನಿ. ಆಮೇಲೆ ನಾನಿಲ್ದೆ ಇದ್ರೂ ಬೆಳಗಿನ ಪೀರಿಯಡ್ ಅವರು ತಾವೇ ಓದ್ತಾರೆ, ತಾವೇ ಬರೀತಾರೆ. ಗಲಾಟೆ ಆದ್ರೆ ಹಂಚಿಬಿಡಿ," ಎಂದು, ಅಷ್ಟರಲ್ಲಿ ಕೊಂಚ ಮರಳಿದ್ದ ಗೊಗ್ಗರು ಗಂಟಲಲ್ಲಿ ಬೇಡಿಕೊಂಡಳು. ಹೆಡ್ ಮಿಸ್ ಹೂಂ ಅಂದರು. ನಾನು ಮನಸ್ಸಿನಲ್ಲೇ ಸ್ಟೋರಿನ ಧೂಳು ಒರೆಸಿಟ್ಟೆ.

ಅವಳು ಶುರು ಮಾಡಿದ ರೀತಿ ಕಂಡು ನನಗೆ ನಗು ತಡೆಯಲಾಗಲಿಲ್ಲ. ಪಾಠ ಬದಿಗಿಟ್ಟು, ಬುಟ್ಟಿಯಿಂದ ಪುಸ್ತಕ ತೆಗೆಯುವುದು ಹೇಗೆ ಎಂಬುದನ್ನೇ ಪಾಠ ಮಾಡಿದಳು. ಒಂದು ಪುಟ ಓದಿ ನೋಡು, ತಿಳಿಯದ ಪದಕ್ಕೊಂದು ಬೆರಳು ಮಡಚು, ಕೈ ಮುಷ್ಟಿಯಾದರೆ ಅದು ನಿನಗೆ ಈಗ ಬೇಡ, ವಾಪಸ್ ಇಡು. ಮೊನೆ ಮಾಡಿದ ಪೆನ್ಸಿಲ್‌ಗಳ ಡಬ್ಬ ಕಿಟಕಿ ಹತ್ತಿರ. ಮುರಿದರೆ ಬದಲಾಯಿಸಿಕೋ, ನನಗೆ ವರದಿ ಬೇಡ. ಬರೆಯಲು ಏನೂ ಇಲ್ಲ ಎಂದವರಿಗೆ, ನಿಮಗೆ ಮಾತ್ರ ಗೊತ್ತಿರುವ ಸಂಗತಿ ಏನು ಎಂದು ಕೇಳಿದಳು. ಒಬ್ಬನಿಗೆ ಮಾವನ ಲಾರಿಯ ಹಾರನ್ ಗೊತ್ತಿತ್ತು, ಒಬ್ಬಳಿಗೆ ಅಕ್ಕನಿಗೆ ಸಿಕ್ಕಿಬೀಳದೆ ಸುಳ್ಳು ಹೇಳುವುದು. ಬರೆದು ಮುಗಿಸಿದವರು ನಿನ್ನೆಯದನ್ನು ಓದಿ ಒಂದು ಸಾಲು ಸೇರಿಸಬೇಕು.

ಮೊದಲ ದಿನ ಎಲ್ಲರೂ ಓದಲು ಕೂತರು. ಒಬ್ಬ ಹುಡುಗ ತಲೆ ಎತ್ತಿದ್ದೇ ತಡ, "ಇವತ್ತಿಗೆ ಸಾಕು, ಎತ್ತಿಡಿ" ಎಂದುಬಿಟ್ಟಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ:

"ಇಷ್ಟಕ್ಕೇನಾ ಇಷ್ಟೆಲ್ಲ ಸಿದ್ಧತೆ?"

"ಬೇಜಾರಾದ್ಮೇಲೆ ನಿಲ್ಲಿಸಿದ್ರೆ ನಾಳೆ ಬೇಜಾರೇ ನೆನಪಿರುತ್ತೆ ಅಕ್ಕ. ನಾಳೆ ಇನ್ನೊಂಚೂರು ಜಾಸ್ತಿ ಕೂರ್ತಾರೆ."

ಕೂತರು ಕೂಡ. ಆದರೆ ಒಂದು ಹಂತಕ್ಕೆ ಬಂದು ನಿಂತುಹೋಯಿತು. ಪುಸ್ತಕ ತೆರೆದಿರುತ್ತಿತ್ತು, ಕಣ್ಣು ಬೇರೆಲ್ಲೋ. ಆ ಹೊತ್ತಿನಲ್ಲಿ ಅವಳೂ ಕುರ್ಚಿಯಲ್ಲಿ ಕೂತು ಓದಬೇಕೆಂಬುದು ಅವಳೇ ಮಾಡಿಕೊಂಡ ನಿಯಮ. ಅದಕ್ಕಾಗಿ ಸಮುದ್ರಯಾನದ ಒಂದು ದಪ್ಪ ಪುಸ್ತಕ ಆರಿಸಿಕೊಂಡಿದ್ದಳು. ಸಮುದ್ರದ ಮೇಲಿನ ಪ್ರೀತಿಯಿಂದೇನಲ್ಲ, ಅದರ ಹಿಂದೆ ಮುಖ ಅಡಗಿಸಿ ಮಕ್ಕಳ ಮೇಲೆ ಕಣ್ಣಿಡಬಹುದು ಎಂದು.

ಕ್ಲಾಸಿನಲ್ಲಿ ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕುವ ಒಂದು ಹುಡುಗಿ ಇದ್ದಳು, ಲಾಯರಮ್ಮ ಎಂದೇ ಎಲ್ಲರೂ ಕರೆಯುವುದು. ಅವಳೊಂದು ದಿನ ಎದ್ದು ನಿಂತು, "ಮಿಸ್, ನಿಮ್ಮ ಪುಸ್ತಕದಲ್ಲಿ ಒಂದೇ ಹಾಳೆ ಇದೆಯಾ?" ಎಂದಳು.

ಇಡೀ ಕ್ಲಾಸು ನಕ್ಕಿತು, ಹಲಗೆಯ ಈಚೆ ನಾನೂ ನಕ್ಕೆ. ಮೈಕ್ ಮಿಸ್ ಕೆಂಪಾದಳು. ಮರುದಿನದಿಂದ ನಿಜವಾಗಿ ಓದತೊಡಗಿದಳು. ಹಳೆ ಬಸ್ ಟಿಕೆಟ್ಟೊಂದನ್ನು ಗುರುತಿಗೆ ಇಟ್ಟುಕೊಂಡಳು. ಹಡಗು ಬಿರುಗಾಳಿಗೆ ಸಿಕ್ಕ ದಿನ ಮಕ್ಕಳನ್ನು ಮರೆತು ಬಾಯಿಗೆ ಕೈ ಇಟ್ಟುಕೊಂಡಿದ್ದನ್ನು ನಾನೇ ಕಂಡೆ. ಅಲ್ಲಿಂದ ಮಕ್ಕಳ ಕಣ್ಣು ಪುಸ್ತಕದಲ್ಲಿ ನಿಂತಿತು.

ಬೇಸಿಗೆಗೆ ಮುಂಚೆ ಅವಳು ಆಸ್ಪತ್ರೆ ಸೇರಿದಳು. ನಡುವಿನ ಬಾಗಿಲು ತೆರೆದಿಟ್ಟು ಎರಡೂ ಕ್ಲಾಸು ನೋಡಿಕೊಳ್ಳುವ ಭಾರ ನನ್ನ ತಲೆಗೆ ಬಂತು.

ಮೊದಲ ಬೆಳಿಗ್ಗೆ ಬೆಲ್ ಆಯಿತು. ಮಕ್ಕಳು ಬಂದರು, ಬುಟ್ಟಿಯಿಂದ ಪುಸ್ತಕ ತೆಗೆದರು, ಕೂತರು. ಆದರೆ ಯಾರೂ ಓದಲಿಲ್ಲ. ಎಲ್ಲರ ಕಣ್ಣು ಖಾಲಿ ಕುರ್ಚಿಯ ಮೇಲೆ. ಗುಸುಗುಸು ಶುರುವಾಯಿತು, ಒಂದು ಬೆಂಚು ಕಿರ್ರೆಂದಿತು, ಕಾರಿಡಾರಿನಲ್ಲಿ ಹೆಡ್ ಮಿಸ್ ಚಪ್ಪಲಿಯ ಸದ್ದು. ಮುಗಿಯಿತು ಇವಳ ಕಥೆ ಎಂದುಕೊಂಡೆ. ಅಷ್ಟು ದಿನ ಹಾಸ್ಯ ಮಾಡಿದ್ದ ನಾನೇ ಅವರನ್ನು ಗದರಿಸಲು ಬಾಗಿಲಿಗೆ ಹೋದೆ.

ಅಷ್ಟರಲ್ಲಿ ಲಾಯರಮ್ಮ ಎದ್ದಳು. ನೆಟ್ಟಗೆ ಹೋಗಿ ಮಿಸ್ ಕುರ್ಚಿಯಲ್ಲಿ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ದಪ್ಪ ಪುಸ್ತಕವನ್ನು ಟಿಕೆಟ್ ಇದ್ದಲ್ಲಿ ತೆರೆದು ಓದಲು ಹಿಡಿದಳು. ಒಂದೊಂದಾಗಿ ತಲೆಗಳು ಬಗ್ಗಿದವು. ಹೆಡ್ ಮಿಸ್ ಬಾಗಿಲಿಗೆ ಬಂದು ಒಂದು ಗಳಿಗೆ ನಿಂತು, ಚಪ್ಪಲಿ ಸದ್ದಾಗದ ಹಾಗೆ ಹಿಂತಿರುಗಿದರು.

ಮಧ್ಯಾಹ್ನ ಲಾಯರಮ್ಮನನ್ನು ಕರೆದು ಕೇಳಿದೆ. "ಆ ಪುಸ್ತಕ ನಿಂಗೆ ಅರ್ಥ ಆಗುತ್ತಾ?"

"ಸ್ವಲ್ಪ ಸ್ವಲ್ಪ, ಮಿಸ್. ಬೆರಳೆಲ್ಲ ಮುಗಿದುಹೋಗುತ್ತೆ."

"ಮತ್ತೆ ಸುಮ್ನೆ ಹಿಡ್ಕೊಂಡು ಕೂರಬಹುದಿತ್ತಲ್ಲ?"

"ಓದ್ದೆ ಇದ್ರೆ ಎಲ್ರಿಗೂ ಗೊತ್ತಾಗ್ಬಿಡುತ್ತೆ ಮಿಸ್."

ಮರುದಿನದಿಂದ ಸರದಿ ಬಿತ್ತು. ದಿನಕ್ಕೊಬ್ಬರು ಆ ಕುರ್ಚಿಗೆ.

ನಡುವೆ ಒಮ್ಮೆ ಮೈಕ್ ಮಿಸ್ ಮನೆಗೆ ಹೋದೆ. ಅತ್ತೆ ಬಾಗಿಲಲ್ಲೇ ದೂರಿದರು. "ಬೈದ್ರೂ ಎದುರುತ್ತರ ಇಲ್ಲ ನೋಡಮ್ಮ. ಗೋಡೆ ಜೊತೆ ಜಗಳ ಆಡಿದ ಹಾಗೆ. ನಂಗಂತೂ ಸಾಕಾಗಿಹೋಗಿದೆ, ಬೇಗ ಮಾತಾಡ್ಲಿ." ಒಳಗೆ ಮೈಕ್ ಮಿಸ್ ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ಬರೆದಳು: "ಮಕ್ಕಳು ನನ್ನ ಕೇಳ್ತಾರಾ?"

"ಇಲ್ಲ. ತಮ್ಮ ಪಾಡಿಗೆ ಓದ್ತಾರೆ, ಬರೀತಾರೆ," ಎಂದೆ. ಕುರ್ಚಿಯ ವಿಷಯ ಹೇಳಲಿಲ್ಲ. ಅದನ್ನು ಅವಳೇ ಕಣ್ಣಾರೆ ನೋಡಲಿ ಅನ್ನಿಸಿತು. ಅವಳು "ಒಳ್ಳೇದಾಯ್ತು" ಎಂದು ಬರೆದು ನಕ್ಕಳು. ಅಳಿಸುವಾಗ ಕಣ್ಣು ತುಂಬಿತ್ತು. ತಾನು ಬಯಸಿದ್ದೇ ಕೈಗೂಡಿ ತನಗೇ ನೋವಾಗುವುದು ಇದೆಯಲ್ಲ, ಅದಕ್ಕೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಚಹಾ ಕುಡಿದು ಬಂದೆ.

ಅವಳು ವಾಪಸ್ ಬಂದ ಬೆಳಿಗ್ಗೆ ಕ್ಲಾಸು ಆಗಲೇ ಓದುತ್ತಿತ್ತು. ಸ್ಲೇಟು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಳು. ಒಬ್ಬರೂ ತಲೆ ಎತ್ತಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡದ್ದು ನನಗೆ ಕಾಣುತ್ತಿತ್ತು. ಆಮೇಲೆ ಅವಳ ಕಣ್ಣು ಕುರ್ಚಿಗೆ ಹೋಯಿತು. ಅಲ್ಲಿ ಕ್ಲಾಸಿಗೇ ಚಿಕ್ಕವನು, ಇನ್ನೂ ಬೆರಳಿಟ್ಟು ಓದುವವನು, ಸಮುದ್ರಯಾನದ ಮೇಲೆ ಬಗ್ಗಿ ತುಟಿ ಅಲ್ಲಾಡಿಸುತ್ತಿದ್ದ.

ಅವಳನ್ನು ಕಂಡವನೇ ಸದ್ದಿಲ್ಲದೆ ಇಳಿದ. ಟಿಕೆಟ್ ಇಟ್ಟು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟು, ತನ್ನ ಜಾಗಕ್ಕೆ ಹೋಗಿ ಕೂತ. ಅವಳು ಕೂತು ಪುಸ್ತಕ ತೆರೆದಳು. ತಾನು ಬಿಟ್ಟಲ್ಲಿ ಟಿಕೆಟ್ ಇಲ್ಲ. ಎಷ್ಟೋ ಮುಂದೆ, ಪುಸ್ತಕದ ಕೊನೆಗೆ ಹತ್ತಿರವೇ ಇದೆ. ಹಳೆಯ ಜಾಗ ಹುಡುಕಿ ಹಿಂದಕ್ಕೆ ಹಾಳೆ ಮಗುಚತೊಡಗಿದಳು.

ಲಾಯರಮ್ಮ ಎದ್ದು ಬಂದು ಅವಳ ಕಿವಿಯ ಹತ್ತಿರ ಬಗ್ಗಿದಳು. "ಹಿಂದಕ್ಕೆ ಹೋಗ್ಬೇಡಿ ಮಿಸ್. ಅಲ್ಲೀತನಕ ಆಗಿದೆ. ನೀವು ಬರೋತನಕ ನಿಮ್ಮ ಪಾಲಿಂದು ನಾವೇ ಓದಿದೀವಿ."

ಮೈಕ್ ಮಿಸ್ ಏನೋ ಹೇಳಲು ಬಾಯಿ ತೆರೆದಳು. ಇಡೀ ಕ್ಲಾಸು ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟಿತು. ಅವಳು ಬಾಯಿ ಮುಚ್ಚಿ ಕಣ್ಣು ಒರೆಸಿಕೊಂಡಳು. ಹಡಗು ಅಷ್ಟರಲ್ಲಿ ಎಲ್ಲಿಗೆ ಬಂದಿತ್ತೋ ಅವಳಿಗೆ ತಿಳಿಯದು. ಟಿಕೆಟ್ ಇದ್ದ ಪುಟದಿಂದಲೇ ಓದತೊಡಗಿದಳು.